48 ಕ್ಯಾಂಡೆಲಾ, 85 ಡೆಸಿಬೆಲ್: ಒಳ್ಳೆಯ ಸಿನಿಮಾ ಪ್ರದರ್ಶನಕ್ಕೆ ತಗಲುವ ವೆಚ್ಚ

ಚಿತ್ರಮಂದಿರದ ಪರದೆಯ ನಡುಭಾಗದಲ್ಲಿ ಅಚ್ಚ ಬಿಳುಪಿನ ಹೊಳಪು ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ ಇರಬೇಕು. ಹಾಲಿವುಡ್‌ನ ಪ್ರಮುಖ ಸ್ಟುಡಿಯೊಗಳು 2002ರಲ್ಲಿ ಕಟ್ಟಿಕೊಂಡ ಡಿಜಿಟಲ್ ಸಿನಿಮಾ ಇನಿಷಿಯೇಟಿವ್ಸ್, ಅಂದರೆ ಡಿಸಿಐ ಕೂಟ, 2005ರ ಜುಲೈನಲ್ಲಿ ಹೊರಡಿಸಿದ ಮಾನದಂಡದ ಸಂಖ್ಯೆ ಇದು. ಹಳೆಯ ಅಳತೆಯಲ್ಲಿ ಹೇಳುವುದಾದರೆ 14 ಫುಟ್-ಲ್ಯಾಂಬರ್ಟ್. ಸಾರ್ವಜನಿಕ ಪ್ರದರ್ಶನದಲ್ಲಿ 11ರಿಂದ 17ರವರೆಗೆ, ಎಂದರೆ 38ರಿಂದ 58 ಕ್ಯಾಂಡೆಲಾವರೆಗೆ ಏರುಪೇರು ಒಪ್ಪಿತ. ಪರದೆಯ ಅಂಚಿನಲ್ಲಿ ನಡುಭಾಗದ ಶೇ 75ರಿಂದ 90ರಷ್ಟು ಬೆಳಕು ಇರಬೇಕು. ರೀಲು ಓಡುತ್ತಿದ್ದ ಕಾಲದಲ್ಲಿ ಗೇಟಿನಲ್ಲಿ ಫಿಲ್ಮ್ ಇಲ್ಲದೆ ಅಳೆದಾಗ 16 ಫುಟ್-ಲ್ಯಾಂಬರ್ಟ್ ಬೇಕಿತ್ತು.

ಪೋಸ್ಟರುಗಳಲ್ಲಿ, ಟಿಕೆಟ್ ಆ್ಯಪ್‌ಗಳಲ್ಲಿ ಕಾಣುವುದು ಬೇರೆ ಸಂಖ್ಯೆಗಳು: 4ಕೆ, 7.1, ಅಟ್ಮಾಸ್, ಲೇಸರ್. ಅವೆಲ್ಲ ಕೊಂಡ ಯಂತ್ರದ ಗುಣ. 48 ಕ್ಯಾಂಡೆಲಾ ಎಂಬುದು ಆ ಯಂತ್ರ ಇವತ್ತಿನ ಪ್ರದರ್ಶನದಲ್ಲಿ ಏನು ಮಾಡಿತು ಎಂಬುದರ ಅಳತೆ. ಯಂತ್ರ ಕೊಳ್ಳಲು ಲಕ್ಷಗಟ್ಟಲೆ ಬೇಕು. ಕೊಂಡ ಯಂತ್ರವನ್ನು ಮಾನದಂಡದಲ್ಲಿ ಇರಿಸಿಕೊಳ್ಳಲು ಎಷ್ಟು ಬೇಕು ಎಂಬ ಲೆಕ್ಕ ಈ ವರದಿಯದು.

ಲೆಕ್ಕಕ್ಕಾಗಿ ಒಂದು ಮಾದರಿ ಚಿತ್ರಮಂದಿರವನ್ನು ಹಿಡಿದಿದ್ದೇವೆ. ಪರದೆಯ ಅಗಲ 12 ಮೀಟರ್, ಆಸನ 300, ದಿನಕ್ಕೆ ನಾಲ್ಕು ಆಟ, ಜಾಹೀರಾತು ಸೇರಿ ಒಂದೊಂದು ಆಟಕ್ಕೆ 3 ಗಂಟೆ. ವರ್ಷಕ್ಕೆ 1,460 ಆಟ, 4,380 ಗಂಟೆ. ಸರಾಸರಿ ಭರ್ತಿ ಶೇ 30, ಎಂದರೆ ಆಟಕ್ಕೆ 90 ಜನ. ವಿದ್ಯುತ್ತಿಗೆ ಯೂನಿಟ್‌ಗೆ ₹10, ಕ್ಸೆನಾನ್ ದೀಪಕ್ಕೆ ₹60,000, ಅದರ ಖಾತರಿ ಅವಧಿ 1,500 ಗಂಟೆ. ಬೆಲೆಗಳೆಲ್ಲ ಲೆಕ್ಕಕ್ಕೆಂದು ಹಿಡಿದ ದುಂಡು ಸಂಖ್ಯೆಗಳು. ನಿಮ್ಮೂರಿನ ಚಿತ್ರಮಂದಿರದ ಸಂಖ್ಯೆಗಳನ್ನು ಅವುಗಳ ಜಾಗದಲ್ಲಿಟ್ಟರೆ ಉತ್ತರ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲು ಬೆಳಕಿನ ಪ್ರಮಾಣ. 12 ಮೀಟರ್ ಅಗಲದ ಸ್ಕೋಪ್ ಪರದೆಯ ಎತ್ತರ 5.02 ಮೀಟರ್, ವಿಸ್ತೀರ್ಣ 60.25 ಚದರ ಮೀಟರ್. ಸ್ಕೋಪ್ ಎಂದರೆ ಅಗಲ ಎತ್ತರದ 2.39 ಪಟ್ಟು ಇರುವ ಚೌಕಟ್ಟು. ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಬಿಳಿ ಪರದೆಯಲ್ಲಿ 48 ಕ್ಯಾಂಡೆಲಾ ಬರಬೇಕಾದರೆ ಅದರ ಮೇಲೆ ಸುಮಾರು 9,100 ಲ್ಯೂಮೆನ್ ಬೀಳಬೇಕು. ಲ್ಯೂಮೆನ್ ಎಂಬುದು ದೀಪದಿಂದ ಹೊರಟ ಒಟ್ಟು ಬೆಳಕಿನ ಅಳತೆ; ಕ್ಯಾಂಡೆಲಾ ಲೆಕ್ಕ ಕಣ್ಣಿಗೆ ಬರುವ ಹೊಳಪಿನದು.

ಆ 9,100 ಲ್ಯೂಮೆನ್ ಪರದೆ ತಲುಪಬೇಕಾದರೆ ಪ್ರೊಜೆಕ್ಟರ್‌ನಿಂದ ಅದಕ್ಕಿಂತ ಹೆಚ್ಚು ಹೊರಡಬೇಕು. 2ಕೆ ಪ್ರೊಜೆಕ್ಟರ್‌ನ ಚಿತ್ರಫಲಕದಲ್ಲಿ 2,048 ಅಡ್ಡ, 1,080 ಲಂಬ ಬಿಂದುಗಳಿರುತ್ತವೆ. ಸ್ಕೋಪ್ ಚಿತ್ರ ಬಳಸಿಕೊಳ್ಳುವುದು 2,048 ಅಡ್ಡ, 858 ಲಂಬ ಬಿಂದುಗಳನ್ನು ಮಾತ್ರ. ಉಳಿದ ಶೇ 20.6 ಬಿಂದುಗಳ ಮೇಲೆ ಬಿದ್ದ ಬೆಳಕು ಪರದೆಗೆ ಹೋಗುವುದಿಲ್ಲ. ಹೀಗಾಗಿ ಅಗತ್ಯ 11,450 ಲ್ಯೂಮೆನ್‌ಗೆ ಏರುತ್ತದೆ. ಪ್ರೊಜೆಕ್ಷನ್ ಕೊಠಡಿಯ ಕಿಂಡಿಗೆ ಹಾಕಿದ ಗಾಜು ಸಾದಾ ಗಾಜಾಗಿದ್ದರೆ ಒಂದೊಂದು ಮೈಯಲ್ಲೂ ಶೇ 4ರಂತೆ ಒಟ್ಟು ಶೇ 8ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಅದನ್ನೂ ತುಂಬಿಕೊಡಲು 12,450 ಲ್ಯೂಮೆನ್ ಬೇಕು. ಪ್ರತಿಫಲನ ತಡೆಯುವ ಲೇಪದ ಗಾಜು ಹಾಕಿದರೆ ಈ ನಷ್ಟದ ಬಹುಪಾಲು ತಪ್ಪುತ್ತದೆ. ಚಿತ್ರಮಂದಿರದ ದುರಸ್ತಿ ಪಟ್ಟಿಯಲ್ಲಿ ಇದರಷ್ಟು ಅಗ್ಗವಾಗಿ ಬೆಳಕು ಕೊಡುವ ಬಾಬ್ತು ಇನ್ನೊಂದಿಲ್ಲ. ಗಾಜಿನ ಮೇಲಿನ ದೂಳನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ.

ಪರದೆಯ ಅಗಲವನ್ನು 12ರಿಂದ 24 ಮೀಟರಿಗೆ ಏರಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಬೇಕಾದ ಬೆಳಕೂ ನಾಲ್ಕು ಪಟ್ಟು: 11,450 ಇದ್ದದ್ದು 45,800 ಲ್ಯೂಮೆನ್. 'ಊರಿಗೇ ದೊಡ್ಡ ಪರದೆ' ಎಂಬ ಜಾಹೀರಾತು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದಕ್ಕೆ ತಕ್ಕ ದೀಪವನ್ನೂ ತಂದಿದ್ದಾರೆಯೇ ಎಂಬುದು. ಹಳೆಯ ಪ್ರೊಜೆಕ್ಟರನ್ನೇ ಉಳಿಸಿಕೊಂಡು ಪರದೆಯ ಅಗಲವನ್ನು ಶೇ 20ರಷ್ಟು ಹಿಗ್ಗಿಸಿದರೆ ಹೊಳಪು 48ರಿಂದ 33 ಕ್ಯಾಂಡೆಲಾಗೆ ಇಳಿದು, ಒಪ್ಪಿತ ಮಿತಿಯ ಕೆಳಗೆ ಹೋಗುತ್ತದೆ.

ಇನ್ನು ದೀಪದ ಖರ್ಚು. ₹60,000ದ ದೀಪ 1,500 ಗಂಟೆ ಉರಿದರೆ ಗಂಟೆಗೆ ₹40, ಒಂದು ಆಟಕ್ಕೆ ₹120. 3 ಕಿಲೊವ್ಯಾಟ್ ದೀಪ, ಅದರ ವಿದ್ಯುತ್ ಪೂರೈಕೆ ಘಟಕ, ಬಿಸಿಗಾಳಿ ಹೊರಹಾಕುವ ಫ್ಯಾನು ಎಲ್ಲ ಸೇರಿ 4.5 ಕಿಲೊವ್ಯಾಟ್ ಎಂದು ಹಿಡಿದರೆ ಆಟಕ್ಕೆ 13.5 ಯೂನಿಟ್, ₹135. ಒಟ್ಟು ₹255. ಆಟ ನೋಡಿದ 90 ಜನರ ಮೇಲೆ ಹಂಚಿದರೆ ತಲಾ ₹2.83.

ಕ್ಸೆನಾನ್ ದೀಪ ಒಮ್ಮೆಗೇ ಆರುವುದಿಲ್ಲ. ದಿನದಿಂದ ದಿನಕ್ಕೆ ಮಂಕಾಗುತ್ತ ಹೋಗಿ, ಬಳಕೆಯ ಅವಧಿ ಮುಗಿಯುವ ಹೊತ್ತಿಗೆ ಆರಂಭದ ಬೆಳಕಿನ ಅರ್ಧದ ಆಸುಪಾಸಿಗೆ ಬಂದಿರುತ್ತದೆ. ಕೆಲಸ ಬಲ್ಲ ಆಪರೇಟರ್ ಹೊಸ ದೀಪವನ್ನು ಕಡಿಮೆ ವಿದ್ಯುತ್ ಪ್ರವಾಹದಲ್ಲಿ ಶುರುಮಾಡಿ, ದೀಪ ಹಳತಾದಂತೆ ಪ್ರವಾಹ ಏರಿಸುತ್ತ ಪರದೆಯ ಹೊಳಪನ್ನು ಒಂದೇ ಮಟ್ಟದಲ್ಲಿ ಇರಿಸುತ್ತಾನೆ. ಏರಿಸಲು ಇನ್ನು ಜಾಗವಿಲ್ಲ ಎಂದಾದ ದಿನ ದೀಪ ಬದಲಿಸಬೇಕು. ಬದಲಿಸದೆ 3,000 ಗಂಟೆಯವರೆಗೆ ಎಳೆದರೆ ದೀಪದ ಖರ್ಚು ಆಟಕ್ಕೆ ₹120ರಿಂದ ₹60ಕ್ಕೆ ಇಳಿಯುತ್ತದೆ. ಪರದೆ 24 ಕ್ಯಾಂಡೆಲಾಗೆ ಬಂದು ನಿಲ್ಲುತ್ತದೆ. ಇದರಲ್ಲಿ ಅಪಾಯವೂ ಇದೆ. ಈ ದೀಪದೊಳಗಿನ ಅನಿಲದ ಒತ್ತಡ ತಣ್ಣಗಿದ್ದಾಗಲೇ ವಾಯುಮಂಡಲದ ಸುಮಾರು 10 ಪಟ್ಟು, ಉರಿಯುವಾಗ 30 ಪಟ್ಟು. ಹಳತಾದ ಗಾಜು ಸಿಡಿದರೆ ಒಳಗಿನ ಕನ್ನಡಿಯೂ ಹಾಳಾಗುತ್ತದೆ. ದೀಪ ಬದಲಿಸುವವರು ಮುಖಕವಚ, ಕೈಗವಸು ಹಾಕಿಕೊಳ್ಳುವುದು ಇದೇ ಕಾರಣಕ್ಕೆ.

ಲೇಸರ್ ಪ್ರೊಜೆಕ್ಟರ್‌ಗೆ ದೀಪದ ಖರ್ಚಿಲ್ಲ. ತಯಾರಕರು ಹೇಳುವ ಆಯುಸ್ಸು 20,000ರಿಂದ 30,000 ಗಂಟೆ. ಆ ಹೊತ್ತಿಗೆ ಉಳಿದಿರುವ ಬೆಳಕು ಎಷ್ಟು ಎಂಬುದನ್ನು ಒಬ್ಬರು ಶೇ 80 ಎಂದು, ಇನ್ನೊಬ್ಬರು ಶೇ 50 ಎಂದು ಅಳೆಯುವುದರಿಂದ ಎರಡು ಕಂಪನಿಗಳ ಗಂಟೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲಾಗದು. ವಿದ್ಯುತ್ ಬಳಕೆ ಅರ್ಧಕ್ಕೆ ಇಳಿಯುತ್ತದೆ ಎಂದು ಹಿಡಿದರೆ ಆಟಕ್ಕೆ ₹67.50. ವರ್ಷದ ಲೆಕ್ಕದಲ್ಲಿ ಕ್ಸೆನಾನ್‌ಗೆ ₹3,72,300, ಲೇಸರ್‌ಗೆ ₹98,550, ಉಳಿತಾಯ ₹2,73,750. ಲೇಸರ್ ಯಂತ್ರಕ್ಕೆ ₹15 ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ಹಣ ಹಿಂದಿರುಗಲು ಐದೂವರೆ ವರ್ಷ ಬೇಕು. ಅಷ್ಟರಲ್ಲಿ ಯಂತ್ರ 24,000 ಗಂಟೆ ಓಡಿರುತ್ತದೆ, ಎಂದರೆ ತಯಾರಕರು ಹೇಳಿದ 20,000-30,000 ಗಂಟೆಗಳ ಆಯುಸ್ಸಿನ ಮಿತಿಯೊಳಗೇ ಬಂದಿರುತ್ತದೆ. ಹಣದ ದೃಷ್ಟಿಯಿಂದ ಲೇಸರ್ ಅಂಥ ಲಾಭದ ವ್ಯವಹಾರವಲ್ಲ. ಪ್ರೇಕ್ಷಕನಿಗೆ ಅದರಿಂದ ಆಗುವ ಉಪಕಾರವೆಂದರೆ, ದೀಪ ಬದಲಿಸಲು ಮಾಲೀಕ ಮನಸ್ಸು ಮಾಡುವವರೆಗೆ ಕಾಯಬೇಕಾಗಿಲ್ಲ.

3ಡಿ ಆಟಗಳಲ್ಲಿ ಲೆಕ್ಕ ಇನ್ನಷ್ಟು ಬಿಗಿ. ಧ್ರುವೀಕರಣದ ಕನ್ನಡಕ ಬಳಸುವ ಹಳೆಯ ವ್ಯವಸ್ಥೆಯಲ್ಲಿ ಪ್ರೊಜೆಕ್ಟರ್‌ನಿಂದ ಹೊರಟ ಬೆಳಕಿನ ಸುಮಾರು ಶೇ 15 ಮಾತ್ರ ಒಂದು ಕಣ್ಣನ್ನು ತಲುಪುತ್ತದೆ. 48 ಕ್ಯಾಂಡೆಲಾ ಇದ್ದದ್ದು 7.2 ಆಗುತ್ತದೆ. ಅದನ್ನು ಮೇಲೆತ್ತಲು 2.4 ಗೇನ್ ಇರುವ ಬೆಳ್ಳಿಪರದೆ ಹಾಕುತ್ತಾರೆ. ಗೇನ್ ಎಂದರೆ ಬೆಳಕನ್ನು ಸುತ್ತಲೂ ಹರಡುವ ಬದಲು ಎದುರಿಗೇ ತಿರುಗಿಸುವ ಪ್ರಮಾಣ. ಆಗ 17 ಕ್ಯಾಂಡೆಲಾ ಸಿಗುತ್ತದೆ. 3ಡಿಗೆ ರೂಢಿಯಲ್ಲಿರುವ ಗುರಿ 4.5 ಫುಟ್-ಲ್ಯಾಂಬರ್ಟ್, ಎಂದರೆ 15 ಕ್ಯಾಂಡೆಲಾ. ನಡುಸಾಲಿನವರಿಗೆ ಹೀಗೆ ಹೆಚ್ಚು ಸಿಕ್ಕ ಬೆಳಕು ಬದಿಯ ಆಸನದವರಿಂದ ಕಿತ್ತುಕೊಂಡದ್ದು. 3ಡಿ ಆಟ ವರ್ಷಕ್ಕೆ ಹತ್ತಾರಿದ್ದರೂ ಬೆಳ್ಳಿಪರದೆ 1,460 ಆಟಕ್ಕೂ ಅಲ್ಲೇ ಇರುತ್ತದೆ. ಸಾದಾ ಚಿತ್ರದ ನಡುವೆ ಬೆಳಕಿನ ಮಚ್ಚೆ, ಅಂಚಿನಲ್ಲಿ ಮಬ್ಬು ಕಾಣುವ ಮಂದಿರಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

3ಡಿ ಮಸೂರವನ್ನು ತೆಗೆಯದೆ 2ಡಿ ಚಿತ್ರ ಓಡಿಸಿದರೆ ಶೇ 85ರವರೆಗೂ ಬೆಳಕು ಕಳೆದುಹೋಗುತ್ತದೆ ಎಂದು ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ 2011ರಲ್ಲಿ ವರದಿ ಮಾಡಿತ್ತು. ಮಸೂರ ಬದಲಿಸಲು ಸ್ವಲ್ಪ ಸಮಯ, ಕೆಲಸ ಬಲ್ಲ ಒಬ್ಬ ಆಳು ಸಾಕಿತ್ತು. ಒಬ್ಬನೇ ಹತ್ತು ಪರದೆ ನೋಡಿಕೊಳ್ಳುವ ಏರ್ಪಾಡಿನಲ್ಲಿ ಆ ಆಳೇ ಸಿಗುವುದಿಲ್ಲ.

ಬೆಳಕಿನಷ್ಟೇ ಮುಖ್ಯವಾದದ್ದು ಕತ್ತಲೆ. ಬಿಳುಪಿನ ಹೊಳಪನ್ನು ಕಪ್ಪಿನ ಹೊಳಪಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕಾಂಟ್ರಾಸ್ಟ್ ಎನ್ನುತ್ತಾರೆ. ಡಿಸಿಐ ಮಾನದಂಡ 2,000, ಚಿತ್ರಮಂದಿರಕ್ಕೆ ಕನಿಷ್ಠ 1,200. 48 ಕ್ಯಾಂಡೆಲಾ ಬಿಳುಪಿಗೆ 2,000 ಬರಬೇಕಾದರೆ ಕಪ್ಪು 0.024 ಕ್ಯಾಂಡೆಲಾದಲ್ಲಿರಬೇಕು. ನಿರ್ಗಮನ ಫಲಕ, ಮೆಟ್ಟಿಲ ದೀಪ, ಯಾರದೋ ಮೊಬೈಲು ಎಲ್ಲ ಸೇರಿ ಪರದೆಯ ಮೇಲೆ ಬರೀ 0.05 ಕ್ಯಾಂಡೆಲಾ ಚೆಲ್ಲಿದರೂ ಕಾಂಟ್ರಾಸ್ಟ್ 650ಕ್ಕೆ ಕುಸಿಯುತ್ತದೆ, ಮೂರರಲ್ಲಿ ಒಂದು ಪಾಲಿಗೆ. ಪರದೆಯಿಂದ ಪುಟಿದ ಬೆಳಕು ತಿಳಿ ಬಣ್ಣದ ಗೋಡೆ, ಚಾವಣಿಗೆ ತಾಗಿ ಮತ್ತೆ ಪರದೆಗೇ ಮರಳುವುದರಿಂದ ಆಗುವ ನಷ್ಟ ಬೇರೆ. ಒಂದೇ ಚೌಕಟ್ಟಿನಲ್ಲಿ ಕಪ್ಪು-ಬಿಳುಪು ಎರಡೂ ಇದ್ದಾಗಿನ ಗುರಿ 150, ಕನಿಷ್ಠ 100 ಎಂದು ಮಾನದಂಡವೇ ಇಷ್ಟು ಕೆಳಗಿಟ್ಟಿರುವುದಕ್ಕೆ ಇದೂ ಒಂದು ಕಾರಣ.

ಡಾಲ್ಬಿ ಸಿನಿಮಾ ಮಂದಿರಗಳಲ್ಲಿ ಎರಡು ಲೇಸರ್ ಪ್ರೊಜೆಕ್ಟರ್ ಬಳಸಿ 31 ಫುಟ್-ಲ್ಯಾಂಬರ್ಟ್, ಎಂದರೆ 106 ಕ್ಯಾಂಡೆಲಾ ಹೊಳಪು ಕೊಡುತ್ತಾರೆ. ಕಂಪನಿ ಹೇಳುವ ಕಾಂಟ್ರಾಸ್ಟ್ 10 ಲಕ್ಷ. ಅದೇ 0.05 ಕ್ಯಾಂಡೆಲಾ ಇಲ್ಲಿ ಚೆಲ್ಲಿದರೆ 10 ಲಕ್ಷ ಇದ್ದದ್ದು 2,100 ಆಗುತ್ತದೆ. ಆ ಮಂದಿರಗಳ ಗೋಡೆ, ಚಾವಣಿ, ಕುರ್ಚಿ ಎಲ್ಲವನ್ನೂ ಗಾಢ ಬಣ್ಣದಲ್ಲಿ ಮಾಡುವುದು ಅಲಂಕಾರಕ್ಕಲ್ಲ. ಡಾಲ್ಬಿ ಭಾರತಕ್ಕೆ ಮೊದಲ ಹಂತದಲ್ಲಿ ಘೋಷಿಸಿದ ಇಂಥ ಆರು ಮಂದಿರಗಳಲ್ಲಿ ಬೆಂಗಳೂರಿನದೂ ಒಂದು; ಮೊದಲನೆಯದು 2025ರಲ್ಲಿ ಪುಣೆಯಲ್ಲಿ ತೆರೆಯಿತು.

ಪ್ರೊಜೆಕ್ಟರ್ ಇಲ್ಲದೆ ಪರದೆಯೇ ಬೆಳಗುವ ಎಲ್‌ಇಡಿ ವ್ಯವಸ್ಥೆಯೂ ಇದೆ. ಸ್ಯಾಮ್‌ಸಂಗ್‌ನ ಓನಿಕ್ಸ್ ಪರದೆಯನ್ನು ಬೆಂಗಳೂರಿನ ಎಂ.ಜಿ. ರಸ್ತೆಯ ಶಂಕರನಾಗ್ ಚಿತ್ರಮಂದಿರದಲ್ಲಿ ಅಳವಡಿಸಲಾಗಿದೆ. ಕಪ್ಪು ಬೇಕಾದಲ್ಲಿ ಬಿಂದು ಆರಿಯೇ ಹೋಗುವುದರಿಂದ ಕಾಂಟ್ರಾಸ್ಟ್‌ನ ಚಿಂತೆ ಬಹಳ ಕಡಿಮೆ. ಬಟ್ಟೆಯ ಪರದೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಸಂಭಾಷಣೆಯ ಸ್ಪೀಕರ್ ಅದರ ಹಿಂದೆ ನಿಲ್ಲುತ್ತದೆ. ಎಲ್‌ಇಡಿ ಫಲಕದ ಹಿಂದಿನಿಂದ ಧ್ವನಿ ಬರಲಾರದು. ಸ್ಪೀಕರನ್ನು ಪರದೆಯ ಮೇಲೆ, ಬದಿಯಲ್ಲಿ ಇಟ್ಟು, ಮಾತು ನಟನ ಬಾಯಿಂದಲೇ ಬಂದಂತೆ ಕೇಳಿಸುವ ಲೆಕ್ಕವನ್ನು ಯಂತ್ರದಲ್ಲಿ ಮಾಡಬೇಕು.

ಬಿಂದುಗಳ ಎಣಿಕೆಯಲ್ಲಿ 4ಕೆ 2ಕೆಯ ನಾಲ್ಕು ಪಟ್ಟು: 22.1 ಲಕ್ಷಕ್ಕೆ ಎದುರಾಗಿ 88.5 ಲಕ್ಷ. ಕಾಣುವ ವ್ಯತ್ಯಾಸ ಅಷ್ಟಿಲ್ಲ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ಗುರುತಿಸಬಲ್ಲದು. 12 ಮೀಟರ್ ಪರದೆಯಲ್ಲಿ 2ಕೆ ಬಿಂದುಗಳು 20 ಮೀಟರ್ ಆಚೆಗೆ ಒಂದರಲ್ಲೊಂದು ಬೆರೆತುಹೋಗುತ್ತವೆ, 4ಕೆ ಬಿಂದುಗಳು 10 ಮೀಟರ್ ಆಚೆಗೆ. ಪರದೆ ಕನಿಷ್ಠ 30 ಡಿಗ್ರಿ ಕೋನದಲ್ಲಿ ಕಾಣಬೇಕೆಂಬ ಶಿಫಾರಸಿನಂತೆ ಕೊನೆಯ ಸಾಲು 22 ಮೀಟರಿನಲ್ಲಿದ್ದರೆ, ಹಿಂದಿನ ಸಾಲುಗಳವರಿಗೆ 2ಕೆ, 4ಕೆ ಎರಡೂ ಒಂದೇ. ನಡುವಿನ ಮತ್ತು ಮುಂದಿನ ಸಾಲುಗಳಲ್ಲಿ 4ಕೆಯಿಂದ ಉಪಯೋಗವಿದೆ, ಚಿತ್ರ ನಿಂತಿದ್ದಾಗ. ಒಬ್ಬ ಓಟಗಾರ ಪರದೆಯನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿದರೆ ಫ್ರೇಮಿಗೆ 43 ಬಿಂದು ಸರಿದಿರುತ್ತಾನೆ. ಸೆಕೆಂಡಿಗೆ 24 ಫ್ರೇಮ್ ಹಿಡಿಯುವ ಕ್ಯಾಮೆರಾದ ಶಟರ್ ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗ ತೆರೆದಿದ್ದರೆ ಅವನ ಅಂಚು 21 ಬಿಂದುಗಳಷ್ಟು ಅಗಲಕ್ಕೆ ಹರಡಿರುತ್ತದೆ. ಆ ಹೊತ್ತಿನಲ್ಲಿ ಹೆಚ್ಚುವರಿ 66 ಲಕ್ಷ ಬಿಂದುಗಳಿಗೆ ಕೆಲಸವಿಲ್ಲ.

ಮಾಹಿತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಡಿಸಿಐ ಮಾನದಂಡದಲ್ಲಿ ಚಿತ್ರದ ಕಡತಕ್ಕೆ ಸೆಕೆಂಡಿಗೆ 250 ಮೆಗಾಬಿಟ್ ಮಿತಿ, ಗಂಟೆಗೆ 112.5 ಗಿಗಾಬೈಟ್, ಎರಡೂವರೆ ಗಂಟೆಯ ಚಿತ್ರಕ್ಕೆ ಹೆಚ್ಚೆಂದರೆ 281 ಗಿಗಾಬೈಟ್. 2ಕೆಗೂ 4ಕೆಗೂ ಮಿತಿ ಒಂದೇ. ಮಿತಿಯೊಳಗೆ ತರಲು 2ಕೆ ಚಿತ್ರವನ್ನು 7.6 ಪಟ್ಟು, 4ಕೆ ಚಿತ್ರವನ್ನು 30.6 ಪಟ್ಟು ಕುಗ್ಗಿಸಬೇಕು. ಹಿಂದಿನ 35 ಎಂಎಂ ಪ್ರಿಂಟ್‌ನ ಗತಿಯೂ ನೆನಪಿಗೆ ಬೇಕು: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕಾಗಿ ನಡೆದ ಅಳತೆಯಲ್ಲಿ, ಚಿತ್ರಮಂದಿರದಲ್ಲಿ ಓಡುವಾಗ ಅದು ತೋರಿಸಿದ್ದು ಚಿತ್ರದ ಎತ್ತರಕ್ಕೆ ಸರಾಸರಿ 750 ಗೆರೆಗಳನ್ನು. 2ಕೆ ಸ್ಕೋಪ್‌ನಲ್ಲಿ 858 ಇವೆ. ಫಿಲ್ಮ್‌ನ ವೈಭವವೆಂದು ನಾವು ನೆನೆಯುವುದರಲ್ಲಿ ಸೂಕ್ಷ್ಮತೆಯ ಪಾಲು ಸಣ್ಣದು. 70 ಎಂಎಂ ಐಮ್ಯಾಕ್ಸ್ ಫಿಲ್ಮ್ ಮಾತ್ರ ಬೇರೆಯೇ ದರ್ಜೆ. 2023ರ 'ಓಪನ್‌ಹೈಮರ್' ಚಿತ್ರದ ಒಂದೊಂದು ಪ್ರಿಂಟ್‌ನ ಉದ್ದ ಸುಮಾರು 17.7 ಕಿಲೊಮೀಟರ್, ತೂಕ 272 ಕಿಲೊ. ಅದನ್ನು ಓಡಿಸಬಲ್ಲ 30 ಮಂದಿರಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. 2022ರಲ್ಲಿ 'ಕೆಜಿಎಫ್: ಚಾಪ್ಟರ್ 2' ಐಮ್ಯಾಕ್ಸ್‌ನಲ್ಲಿ ಬಂದಾಗ ಇಲ್ಲಿನವರು ನೋಡಿದ್ದು ಡಿಜಿಟಲ್ ರೂಪವನ್ನು.

ಧ್ವನಿಯ ಮೂಲ ಸಂಖ್ಯೆ 85 ಡೆಸಿಬೆಲ್. ಪರೀಕ್ಷಾ ಧ್ವನಿಯನ್ನು ಪೂರ್ಣ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗೆ ನುಡಿಸಿದಾಗ, ಪರದೆಯ ಹಿಂದಿನ ಒಂದೊಂದು ಸ್ಪೀಕರೂ ಪ್ರೇಕ್ಷಕರ ಜಾಗದಲ್ಲಿ 85 ಡೆಸಿಬೆಲ್ ಕೊಡಬೇಕು. ಗೋಡೆಯ ಎಡ, ಬಲ ಸಾಲುಗಳು ತಲಾ 82. ಚಿತ್ರಕ್ಕೆ ಧ್ವನಿ ಬೆರೆಸುವ ಸ್ಟುಡಿಯೊದಲ್ಲೂ ಇದೇ ಅಳತೆ. ಅಲ್ಲಿ ಕೇಳಿಸಿದಂತೆಯೇ ಇಲ್ಲೂ ಕೇಳಿಸಬೇಕು ಎಂಬುದು ಒಪ್ಪಂದ. ಮೇಲೆ 20 ಡೆಸಿಬೆಲ್ ಮೀಸಲು ಉಳಿಯುತ್ತದೆ. ಸ್ಫೋಟ, ತಮಟೆ, ಗುಡುಗು 105 ಮುಟ್ಟಬಹುದು.

20 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ 100 ಪಟ್ಟು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಕೊಡುವ ಸ್ಪೀಕರನ್ನು ತೆಗೆದುಕೊಳ್ಳಿ. 16 ಮೀಟರ್ ದೂರದ ಆಸನದಲ್ಲಿ, ಕೋಣೆಯ ಪ್ರತಿಧ್ವನಿಯ ನೆರವು ಬಿಟ್ಟು, 85 ಡೆಸಿಬೆಲ್‌ಗೆ ಬೇಕಾದದ್ದು 8 ವ್ಯಾಟ್. 105ಕ್ಕೆ 794 ವ್ಯಾಟ್. ಸ್ಪೀಕರ್ 3 ಡೆಸಿಬೆಲ್ ಕಡಿಮೆ ದಕ್ಷತೆಯದಾದರೆ ಅದು ಸುಮಾರು 1,600 ವ್ಯಾಟ್‌ಗೆ ಏರುತ್ತದೆ. ಖರೀದಿಯ ಹೊತ್ತಿನಲ್ಲಿ ಕತ್ತರಿ ಬೀಳುವುದು ಈ ಮೀಸಲಿಗೆ, ಏಕೆಂದರೆ ಆಟದ ಹೆಚ್ಚಿನ ಸಮಯ 8 ವ್ಯಾಟೇ ಸಾಕು. ಮೀಸಲಿಲ್ಲದ ಆ್ಯಂಪ್ಲಿಫೈಯರ್ ಏರುದನಿಯಲ್ಲಿ ಒಡಕು ನಾದ ಕೊಡುತ್ತದೆ. ಕಿವಿಗೆ ಚುಚ್ಚುವುದು ಆ ಒಡಕು; ಜನ ಅದಕ್ಕೆ 'ಸೌಂಡು ಜಾಸ್ತಿ' ಎನ್ನುತ್ತಾರೆ.

ಅಲ್ಲಿಂದ ಮುಂದೆ ಆಪರೇಟರ್‌ನ ಕೈ ಫೇಡರ್‌ಗೆ ಹೋಗುತ್ತದೆ. ಧ್ವನಿ ಯಂತ್ರದ ಫೇಡರ್ 7ರಲ್ಲಿದ್ದರೆ ಮೇಲಿನ ಮಾನದಂಡ. 4ರ ಮೇಲೆ ಒಂದೊಂದು ಅಂಕೆಗೂ 3.3 ಡೆಸಿಬೆಲ್. 5ಕ್ಕೆ ಇಳಿಸಿದರೆ 6.7 ಡೆಸಿಬೆಲ್ ಹೋಗಿ ಸ್ಪೀಕರ್‌ಗೆ ಮಾನದಂಡದ ಶೇ 21.5ರಷ್ಟು ಶಕ್ತಿ ಮಾತ್ರ ಉಳಿಯುತ್ತದೆ, 4.5ರಲ್ಲಿ ಶೇ 14.7. ದೂರು ಬರುವುದು ಹಲವೆಡೆ ಚಿತ್ರದಿಂದಲ್ಲ, ಅದಕ್ಕೂ ಮೊದಲು ಬರುವ ಜಾಹೀರಾತು, ಟ್ರೈಲರ್‌ಗಳಿಂದ. ಅವುಗಳಿಗೂ ಸರಾಸರಿ ಮಟ್ಟದ ಮಿತಿ ಇದೆ: ಟ್ರೈಲರ್‌ಗೆ 85, ಜಾಹೀರಾತಿಗೆ 82. ಜಾಹೀರಾತಿಗೆಂದು ಇಳಿಸಿದ ಫೇಡರ್ ಚಿತ್ರ ಶುರುವಾದ ಮೇಲೂ ಅಲ್ಲೇ ಉಳಿದರೆ ಕಳೆದುಹೋಗುವುದು ಪಿಸುಮಾತು. ಸ್ಟುಡಿಯೊದಲ್ಲಿ 50 ಡೆಸಿಬೆಲ್ ಇದ್ದ ಪಿಸುಮಾತು 4.5ರಲ್ಲಿ 41.7 ಆಗುತ್ತದೆ.

ಅದೇ ಹೊತ್ತಿಗೆ ಸಭಾಂಗಣದ ಗದ್ದಲ ಎಷ್ಟು? ಖಾಲಿ ಮಂದಿರದಲ್ಲಿ ಎ.ಸಿ. ಓಡುತ್ತಿರುವಾಗ ಎನ್‌ಸಿ-30 ಮೀರಬಾರದೆಂಬುದು ಲ್ಯೂಕಾಸ್‌ಫಿಲ್ಮ್ 1983ರಲ್ಲಿ ಶುರುಮಾಡಿದ ಟಿಎಚ್‌ಎಕ್ಸ್ ವ್ಯವಸ್ಥೆಯ ನಿಯಮ. ಎನ್‌ಸಿ ಎಂಬುದು ಕೋಣೆಯ ಹಿನ್ನೆಲೆ ಸದ್ದಿನ ಶ್ರೇಣಿ. 30 ಎಂದರೆ ಸಾಮಾನ್ಯ ಮಾಪಕದಲ್ಲಿ 35ರಿಂದ 40 ಡೆಸಿಬೆಲ್. ಅಷ್ಟಿದ್ದರೂ 41.7ರ ಪಿಸುಮಾತು ಅಂಚಿನಲ್ಲಿ ನಿಂತಿದೆ. ಸೀಲಿಂಗ್ ಫ್ಯಾನು, ಬೇರಿಂಗ್ ಸವೆದ ಬ್ಲೋವರು ಇರುವ ಮಂದಿರದಲ್ಲಿ ಅದು ಕೇಳಿಸುವುದೇ ಇಲ್ಲ. ಅಂಥಲ್ಲಿ ಹೊಸ ಸ್ಪೀಕರ್‌ಗಿಂತ ಮೊದಲು ಎ.ಸಿ. ನಾಳದ ದುರಸ್ತಿ ಆಗಬೇಕು ಎಂಬುದು ನನ್ನ ಎಣಿಕೆ.

ಸ್ಪೀಕರ್‌ಗಳ ಸಂಖ್ಯೆಯ ವಿಚಾರ ಬೇಗ ಮುಗಿಯುತ್ತದೆ. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಬಂದ ಡಾಲ್ಬಿ ಡಿಜಿಟಲ್‌ನಲ್ಲಿ 5.1 ವಾಹಿನಿ, 2010ರ 'ಟಾಯ್ ಸ್ಟೋರಿ 3'ರಲ್ಲಿ 7.1. 2012ರಲ್ಲಿ ಬಂದ ಅಟ್ಮಾಸ್ 128 ಧ್ವನಿಪಥಗಳನ್ನು 64 ಸ್ಪೀಕರ್ ಸಾಲುಗಳವರೆಗೆ ಹಂಚಬಲ್ಲದು. ಹೆಚ್ಚಾದ ಸ್ಪೀಕರ್‌ಗಳಿಗೆ ದೂರದ ಲೆಕ್ಕವೂ ಹೆಚ್ಚು. ಧ್ವನಿ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ಪರದೆಯಿಂದ 20, ಪಕ್ಕದ ಗೋಡೆಯಿಂದ 4 ಮೀಟರ್ ದೂರ ಕುಳಿತವನಿಗೆ ಗೋಡೆಯ ಧ್ವನಿ 47 ಮಿಲಿಸೆಕೆಂಡ್ ಮುಂಚೆ ತಲುಪುತ್ತದೆ. ಅಷ್ಟನ್ನು ತಡೆದು ಬಿಡದಿದ್ದರೆ ಕಿವಿ ಪರದೆಯನ್ನು ಬಿಟ್ಟು ಗೋಡೆಯ ಕಡೆ ತಿರುಗುತ್ತದೆ. ಈ ಹೊಂದಾಣಿಕೆ ಮಾಡದ ಅಟ್ಮಾಸ್‌ಗಿಂತ, ಮಾಡಿದ 5.1 ಮೇಲು.

ಮತ್ತೆ ಹಣದ ಲೆಕ್ಕಕ್ಕೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಹೊರಡಿಸಿದ ಅಧಿಸೂಚನೆ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು ₹200 ಮಿತಿ ಹಾಕಿತು. ಹೈಕೋರ್ಟ್ ಅದೇ ತಿಂಗಳ 23ರಂದು ಅದಕ್ಕೆ ತಡೆ ಕೊಟ್ಟಿತು. ಮಿತಿಯ ದರದಲ್ಲಿಯೇ ನೋಡಿದರೂ ನಮ್ಮ ಮಾದರಿ ಮಂದಿರದ ಒಂದು ಆಟದ ಗಳಿಕೆ ₹18,000. ಅರ್ಧ ವಿತರಕನಿಗೆ ಹೋದರೆ ಮಂದಿರಕ್ಕೆ ಉಳಿಯುವುದು ₹9,000. ಅದರಲ್ಲಿ ದೀಪ ಮತ್ತು ಅದರ ವಿದ್ಯುತ್ತಿಗೆ ತಗಲುವ ₹255 ಶೇ 2.8. ಸಣ್ಣ ಊರಿನ ₹100ರ ಟಿಕೆಟ್‌ನಲ್ಲಿ ಅದು ಶೇ 5.7. ಅದೇ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದು, ₹112 ಇದ್ದದ್ದು ₹105 ಆಯಿತು. ಒಂದು ಟಿಕೆಟ್‌ನಲ್ಲಿ ಇಳಿದ ತೆರಿಗೆ ₹7. ಆ ಪ್ರೇಕ್ಷಕನ ಪಾಲಿನ ಬೆಳಕಿನ ಖರ್ಚು ₹2.83.

ದರ ಮಿತಿಯಿಂದ ಅಧಿಸೂಚನೆ ವಿನಾಯಿತಿ ಕೊಟ್ಟದ್ದು 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ. 2017ರ ಇಂಥದೇ ಆದೇಶ ಐಮ್ಯಾಕ್ಸ್, ಗೋಲ್ಡ್ ಕ್ಲಾಸ್‌ಗಳನ್ನು ಹೊರಗಿಟ್ಟಿತ್ತು. ಒಂದರಲ್ಲಿ ಕುರ್ಚಿಯ ಎಣಿಕೆ, ಇನ್ನೊಂದರಲ್ಲಿ ಹೆಸರು ವಿನಾಯಿತಿಯ ಆಧಾರವಾಯಿತು. ಹೆಚ್ಚು ದರ ಪಡೆಯುವ ಪರದೆ ವರ್ಷಕ್ಕೆರಡು ಬಾರಿ ಹೊಳಪು, ಕಾಂಟ್ರಾಸ್ಟ್, ಧ್ವನಿಯ ಮಟ್ಟವನ್ನು ಅಳೆಸಿ ಸಂಖ್ಯೆಯನ್ನು ಟಿಕೆಟ್ ಕೌಂಟರ್‌ನಲ್ಲಿ ಹಾಕಬೇಕೆಂಬ ಷರತ್ತು ಇಟ್ಟಿದ್ದರೆ, ಹೆಚ್ಚು ಹಣ ಕೊಟ್ಟವನಿಗೆ ತಾನು ಕೊಂಡದ್ದೇನೆಂದು ತಿಳಿಯುತ್ತಿತ್ತು.

ರಾಜ್ಯದ ಹಲವು ಒಂಟಿ ಪರದೆಯ ಚಿತ್ರಮಂದಿರಗಳು ವಾರದ ಬಾಡಿಗೆಯ ಮೇಲೆ ನಡೆಯುತ್ತವೆ. ಬಾಡಿಗೆ ನಿಗದಿತ, ಪರದೆ 48 ಕ್ಯಾಂಡೆಲಾದಲ್ಲಿದ್ದರೂ 24ರಲ್ಲಿದ್ದರೂ ಮಾಲೀಕನಿಗೆ ಬರುವುದು ಅಷ್ಟೇ. ದೀಪವನ್ನು ಎರಡರಷ್ಟು ಕಾಲ ಎಳೆದರೆ ಆಟಕ್ಕೆ ಉಳಿಯುವ ₹60 ಪೂರ್ತಿ ಅವನದು, ವಾರಕ್ಕೆ ₹1,680, ವರ್ಷಕ್ಕೆ ₹87,600. ಮಬ್ಬಾದ ಚಿತ್ರದ ನಷ್ಟ ನಿರ್ಮಾಪಕನಿಗೆ, ವಿತರಕನಿಗೆ ಮತ್ತು ಆ ವರ್ಷ ಅಲ್ಲಿ ಟಿಕೆಟ್ ಕೊಂಡ 1,31,400 ಜನರಿಗೆ. ಉಳಿದ ಹಣವನ್ನು ಅವರ ಮೇಲೆ ಹಂಚಿದರೆ ತಲಾ 67 ಪೈಸೆ.